ಸೊಪ್ಪಿಗೆ ಕೊಂಡ ಹಳೇ ಗಾಡಿ

ಜಲ್ಲಿ ತುಂಬಿದ ಟಿಪ್ಪರ್ ಬಂದು ಬಡಿದಾಗ ನನ್ನ ಮಗನ ಕಾಲು ಮುರಿಯಿತು, ನಮ್ಮ ಸೊಪ್ಪಿನ ಗಾಡಿ ಪೂರ್ತಿ ಹೋಯಿತು. ಕಾಲು ಮೂರು ತಿಂಗಳಿಗೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಗಾಡಿ ನೋಡಲು ಬಂದ ಇನ್ಶೂರೆನ್ಸ್‌ನವನು ಸುತ್ತ ಒಂದು ಸಲ ನಡೆದು, ಫೋಟೊ ತೆಗೆದುಕೊಂಡು, "ಟೋಟಲ್ ಲಾಸ್" ಎಂದ. ಹಾಗಂದರೇನಪ್ಪ ಎಂದೆ. "ಗುಜರಿಗೆ ಹಾಕಿ ಅಜ್ಜಿ" ಎಂದ. ಮೊದಲೇ ಹಾಗೆ ಹೇಳಬಹುದಿತ್ತು.

ನೋಡಲು ಬಂದವರೆಲ್ಲ ಮಗ ಉಳಿದದ್ದೇ ಪುಣ್ಯ ಎಂದರು. ಉಳಿದಿದ್ದ, ಕಣ್ಣೆದುರಿಗೇ ಮಲಗಿದ್ದ. ನನಗೆ ಸೊಪ್ಪಿನ ಚಿಂತೆ. ಕಲ್ಲು ಮುದುಕಿ ಎಂದು ಬೆನ್ನ ಹಿಂದೆ ಅಂದುಕೊಂಡರು. ಅಂದುಕೊಳ್ಳಲಿ.

ಶಿಡ್ಲಘಟ್ಟದ ಕಡೆ ನಮಗೆ ಎರಡು ಎಕರೆ ಹಿಪ್ಪುನೇರಳೆ ತೋಟವಿದೆ. ನಾವು ರೇಷ್ಮೆ ಹುಳು ಸಾಕುವುದಿಲ್ಲ, ಸಾಕುವವರಿಗೆ ಸೊಪ್ಪು ಮಾರುತ್ತೇವೆ. ನಾಲ್ಕು ಹುಳುಮನೆಗಳು ನಮ್ಮ ಸೊಪ್ಪನ್ನು ನಂಬಿದ್ದವು. ನಾಲ್ಕನೆಯದು ದೂರದ ಹಳ್ಳಿಯ ಒಬ್ಬಳದು. ಅವಳಿಗೆ ಒಂದು ಗುಂಟೆ ನೆಲವಿಲ್ಲ, ಇರುವುದು ಒಂದು ಶೆಡ್ಡು ಮಾತ್ರ. ಒಂಬತ್ತು ವರ್ಷದಿಂದ ಅವಳ ಹುಳು ತಿಂದದ್ದೆಲ್ಲ ನಮ್ಮ ಸೊಪ್ಪೇ. ಗಾಡಿ ಹೋದ ವಾರ ಅವಳ ಹುಳು ಮೇವು ಬಿಟ್ಟು ಪೊರೆ ಕಳಚುವ ನಾಲ್ಕನೇ ಜ್ವರಕ್ಕೆ ಕೂರುವುದರಲ್ಲಿತ್ತು. ಆ ಜ್ವರ ಬಿಟ್ಟು ಎದ್ದ ಹುಳು ಗೂಡು ಕಟ್ಟುವವರೆಗೆ ಬೆಂಕಿಯ ಹಾಗೆ ತಿನ್ನುತ್ತದೆ. ಕೊಯ್ದ ಸೊಪ್ಪು ಬಾಡುವ ಮೊದಲು, ದಿನಕ್ಕೆ ಎರಡು ಹೊತ್ತು, ತಪ್ಪದೆ ಮುಟ್ಟಬೇಕು. ಒಂದು ದಿನ ತಪ್ಪಿದರೂ ಅವಳ ಬೆಳೆ ಹೋಗುತ್ತದೆ, ನಮ್ಮ ವ್ಯಾಪಾರವೂ ಹೋಗುತ್ತದೆ. ಅಷ್ಟರೊಳಗೆ ಗಾಡಿ ಬೇಕಿತ್ತು.

ಸೊಸೆಗೆ ಗಾಡಿ ಓಡಿಸುವುದು ಬರುತ್ತದೆ, ಗಾಡಿಯ ಅಡಿ ನೋಡುವುದೂ ಬರುತ್ತದೆ. ಇಬ್ಬರೂ ಹೊರಟೆವು.

ಮೊದಲು ಚಿಕ್ಕಬಳ್ಳಾಪುರ. ಬೈಪಾಸ್ ಪಕ್ಕದ ಬಯಲಲ್ಲಿ ಹಳೇ ಗಾಡಿಗಳು ಸಾಲಾಗಿ ನಿಂತಿದ್ದವು.

"ಏನಮ್ಮಾ, ಗಂಡಸ್ರು ಯಾರೂ ಬರ್ಲಿಲ್ವಾ?" ಎಂದ ಬ್ರೋಕರ್.

"ಗಂಡಸು ಕಾಲು ಮುರ್ಕೊಂಡು ಮಲಗವ್ನೆ. ನೀನೂ ಜೊತೆಗೆ ಮಲಗ್ತೀಯಾ?" ಎಂದೆ.

ಸೊಸೆ ಸೆರಗು ಸಿಕ್ಕಿಸಿಕೊಂಡು ಗಾಡಿಯ ಅಡಿಗೆ ನುಗ್ಗಿ ಹೊರಗೆ ಬಂದಳು. "ನಡೂ ಮಧ್ಯ ಬೆಸುಗೆ ಅತ್ತೆ. ಎರಡು ಗಾಡಿ ಸೇರ್ಸಿ ಒಂದು ಮಾಡವ್ರೆ."

ಬ್ರೋಕರ್ ಹಲ್ಲು ಕಿರಿದ. "ಮದುವೆ ಅಂದ್ರೂ ಎರಡನ್ನ ಸೇರ್ಸೋದೇ ಅಲ್ವೇನಮ್ಮ?"

"ಅದಕ್ಕೇ ಅರ್ಧ ದಾರೀಲಿ ಮುರ್ಕೊಂಡು ಬೀಳ್ತವೆ" ಎಂದೆ. ಹೊರಟುಬಂದೆವು.

ಮಾರನೇ ದಿನ ಗೌರಿಬಿದನೂರು ದಾಟಿ ಅಲೀಪುರ. ಅಲ್ಲೊಬ್ಬ ಸಾಹೇಬರ ಮನೆಯ ಮುಂದೆ ಗಾಡಿಯಿತ್ತು. ಹಾಲಿನ ಕ್ಯಾನು ಸಾಗಿಸುತ್ತಿದ್ದ ಗಾಡಿ. ನೆಲಕ್ಕೆ ಹೊಡೆದ ತಗಡು ಊಟದ ತಟ್ಟೆಯ ಹಾಗಿತ್ತು. ಎಂಜಿನ್ ಸದ್ದು ಕೇಳಿಸಿಕೊಂಡೇ ಸೊಸೆಯ ಮುಖ ಅರಳಿತು. ಮಾತು ಮುಗಿಯುವುದರಲ್ಲಿತ್ತು. ಆಗ ಅವರೇ ಬಾಯಿಬಿಟ್ಟರು.

"ಒಂದು ಮಾತು ಹೇಳ್ಬಿಡ್ತೀನಮ್ಮ. ನನ್ನ ತಮ್ಮ ಇದ್ರಲ್ಲೇ ಹೋಗ್ಬಿಟ್ಟ. ಆಕ್ಸಿಡೆಂಟ್ ಅಲ್ಲ. ಎದೆ ನೋವು ಅಂತ ಪಕ್ಕಕ್ಕೆ ನಿಲ್ಸಿ, ಸ್ಟೇರಿಂಗ್ ಮೇಲೆ ತಲೆ ಇಟ್ಟವನು ಏಳ್ಲಿಲ್ಲ. ಗಾಡೀದು ಏನೂ ತಪ್ಪಿಲ್ಲ. ನಾಳೆ ಬೇರೆಯೋರ ಬಾಯಲ್ಲಿ ಕೇಳಿ ನೀವು ನೊಂದ್ಕೋಬಾರ್ದು."

ನಾನು ಅವರ ಮನೆಯ ಟೀ ಕುಡಿದು, ಲೋಟ ಕೆಳಗಿಟ್ಟು, ಬೇಡ ಎಂದು ಎದ್ದೆ. ಪ್ರಾಣ ತಿಂದ ಗಾಡಿ ಮತ್ತೊಂದು ಪ್ರಾಣ ಕೇಳುತ್ತದೆ ಎನ್ನುವುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಗೇಟಿನವರೆಗೂ ಬಂದು ಬಿಟ್ಟರು.

ಬಸ್ಸಿನಲ್ಲಿ ಸೊಸೆ, "ಆಸ್ಪತ್ರೆ ಮಂಚದ ಮೇಲೆ ಎಷ್ಟು ಜನ ಸತ್ತಿರಲ್ಲ? ನಿಮ್ಮ ಮಗನ್ನ ಅದ್ರ ಮೇಲೇ ಮಲಗಿಸಿದ್ರಲ್ಲ ಅತ್ತೆ" ಎಂದಳು.

"ಮಂಚ ಮನೆಗೆ ತಂದಿಲ್ವಲ್ಲ ನಾವು" ಎಂದೆ. ಉತ್ತರ ಸಿಕ್ಕಿತು ಎಂದು ನನಗೆ ಸಮಾಧಾನವೂ ಆಯಿತು.

ಮೂರನೆಯದು ಚಿಂತಾಮಣಿ. ಟೊಮೆಟೊ ಸಾಗಿಸುವವನೊಬ್ಬನ ಗಾಡಿ. ಹೊರಗೆ ಒಳಗೆ, ಕೊನೆಗೆ ಸರಕು ಹಾಕುವ ಹಲಗೆಗಳಿಗೂ ಹಸಿರು ಬಣ್ಣ ಹೊಡೆಸಿದ್ದ. "ಚೂಡವ್ವಾ, ಪೆಳ್ಳಿಕೂತುರು ಇದ್ದಂಗಿದೆ" ಎಂದು ತೆಲುಗು ಬೆರೆಸಿ ಹೇಳಿದ. ಮದುವಣಗಿತ್ತಿಗೆ ಅಷ್ಟು ಬಣ್ಣ ಯಾಕೆ ಬೇಕಾಯಿತು ಎಂದು ನಾನು ಕೇಳಬೇಕಿತ್ತು. ನನಗೆ ಬೇರೆಯದೇ ತಲೆಯಲ್ಲಿತ್ತು. ಅಂಗಡಿಯಿಂದ ಕರ್ಪೂರ ತರಿಸಿ, ಗಾಡಿಯ ಮುಂದೆ ಕಲ್ಲಿನ ಮೇಲಿಟ್ಟು ಹಚ್ಚಿದೆ.

"ಇದನ್ನ ಆರಿಸಿ ಆಣೆ ಇಟ್ಟು ಹೇಳಪ್ಪ. ಈ ಗಾಡೀಲಿ ಯಾರ್ದಾದ್ರೂ ಪ್ರಾಣ ಹೋಗಿದ್ಯಾ? ಯಾರಿಗಾದ್ರೂ ಗುದ್ದಿ ಸಾಯ್ಸಿದ್ಯಾ?"

ಅವನು ನಕ್ಕ. ಆದರೂ ಚಪ್ಪಲಿ ಬಿಟ್ಟು, ಅಂಗೈಯಿಂದ ಉರಿ ಅದುಮಿ ಆರಿಸಿದ. "ಒಂದು ನಾಯೀನೂ ಸತ್ತಿಲ್ಲ ಅವ್ವಾ" ಎಂದ. ಅದು ನಿಜವೇ ಆಗಿತ್ತು.

ಸೊಪ್ಪಿನ ವ್ಯಾಪಾರದವರು ಯಾವ ಗಾಡಿಯನ್ನಾದರೂ ಕೇಳಬೇಕಾದ ಮೊದಲ ಮಾತು, ಇದರಲ್ಲಿ ಏನು ಹಾಕುತ್ತಿದ್ದಿರಿ ಎಂಬುದು. ಬೇರೆ ಹೊಲಕ್ಕೆ ಔಷಧಿ ಹೊಡೆದು ಬಂದವನನ್ನು ನಾನು ಸ್ನಾನ ಮಾಡದೆ ತೋಟಕ್ಕೆ ಬಿಟ್ಟವಳಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿಸಿದವಳಲ್ಲ. ಎರಡೂ ರೇಷ್ಮೆ ಹುಳುವಿಗೆ ವಿಷ. ಊರವರಿಗೆಲ್ಲ ಪಾಠ ಹೇಳಿದ ನಾನು ಅಂದು ಅದನ್ನು ಕೇಳಲಿಲ್ಲ. ಸತ್ತವರನ್ನೇ ಹುಡುಕುತ್ತಿದ್ದೆ.

ಗಾಡಿ ಮನೆಗೆ ತಂದು ಮೂರು ಸಲ ನೀರು ಹಾಕಿ ತೊಳೆದೆವು. ಬೆಳಗಿನ ಜಾವಕ್ಕೆ ಹಲಗೆ ಇನ್ನೂ ಒದ್ದೆಯಿತ್ತು. ಅದರ ಮೇಲೇ ಸೊಪ್ಪಿನ ಹೊರೆ ಹಾಕಿದೆವು. ಕೊನೆಗೆ ಇಳಿಸುವ ಮನೆಯದನ್ನು ಮೊದಲು, ತಳಕ್ಕೆ ಹಾಕುವುದು ನಮ್ಮ ಪದ್ಧತಿ. ಕೊನೆಯ ಮನೆ ದೂರದ ಹಳ್ಳಿಯವಳದು.

ಮಧ್ಯಾಹ್ನಕ್ಕೆ ಅವಳ ಫೋನು. ಹೋಗಿ ನೋಡಿದರೆ, ಬೆಳಿಗ್ಗೆ ಜ್ವರ ಬಿಟ್ಟು ಎದ್ದಿದ್ದ ಹುಳುಗಳು ತಲೆ ಹಿಂದಕ್ಕೆ ಎಸೆದು, ಹಸಿರು ಕಕ್ಕಿಕೊಂಡು, ಗಿಡ್ಡವಾಗಿ ಬಿದ್ದಿದ್ದವು. ಸಾವಿರ ಹುಳು ಸೊಪ್ಪು ತಿನ್ನುವಾಗ ಮಳೆ ಹನಿದ ಹಾಗೆ ಸದ್ದಿರುತ್ತದೆ. ಶೆಡ್ಡಿನಲ್ಲಿ ಆ ಸದ್ದಿರಲಿಲ್ಲ. ಉಳಿದ ಮೂರು ಮನೆಗೆ ಫೋನು ಮಾಡಿಸಿದೆ. ಎಲ್ಲ ಕಡೆ ಹುಳು ಚೆನ್ನಾಗಿದ್ದವು.

ವಾಪಸ್ಸು ಬರುವಾಗ ಮೊದಲ ಮನೆಯಲ್ಲಿ ಹತ್ತು ಹುಳು ಕೇಳಿ ತಂದೆವು. ಸೊಸೆ ಒಂದಿಷ್ಟು ಸೊಪ್ಪು ನೀರಲ್ಲಿ ಅದ್ದಿ, ಗಾಡಿಯ ಹಲಗೆಗೆ ಉಜ್ಜಿ, ಹುಳುಗಳಿಗೆ ಹಾಕಿದಳು. ಹೊತ್ತು ಮುಳುಗುವ ಮೊದಲೇ ಹತ್ತೂ ಹಸಿರು ಕಕ್ಕಿದವು.

ಚಿಂತಾಮಣಿಯವನಿಗೆ ಫೋನು ಹಚ್ಚಿದೆ. ಅವನು ಮುಚ್ಚಿಡಲಿಲ್ಲ. "ಟೊಮೆಟೊ ಜೊತೆ ಔಷಧಿ ಡ್ರಮ್ಮೂ ಹಾಕ್ತಿದ್ವಿ ಅವ್ವಾ. ಒಂದ್ಸಲ ಸೋರ್ಕೊಂಡು ಹಲಗೇಗೆಲ್ಲ ಇಳೀತು. ಅದಕ್ಕೇ ಬಣ್ಣ ಹೊಡೆಸ್ದೆ. ನೀವು ಕೇಳಿದ್ದಕ್ಕೆ ಸುಳ್ಳು ಹೇಳಿದ್ನಾ, ಹೇಳಿ?"

ಇಲ್ಲ ಎಂದು ಫೋನಿಟ್ಟೆ.

ಮಾರನೇ ದಿನ ಅವಳು ಶೆಡ್ಡಿನ ಹಿಂದೆ ಗುಂಡಿ ತೋಡಿಸಿ, ಹುಳುವನ್ನು ಬುಟ್ಟಿ ಬುಟ್ಟಿ ಸುರಿದು, ಸುಣ್ಣ ಎರಚುತ್ತಿದ್ದಳು. ಗಾಡಿ ಇಳಿಯುವ ಮೊದಲು ಸೊಸೆ, "ಹೇಳ್ಬಿಡಣ ಅತ್ತೆ. ಆದದ್ದಾಗ್ಲಿ" ಎಂದಳು. ನೋಡಣ ಎಂದೆ. ಒಂದು ಮನೆಗೆ ತಿಳಿದರೆ ನಾಲ್ಕು ಮನೆಗೂ ತಿಳಿಯುತ್ತದೆ. ವಿಷದ ಸೊಪ್ಪಿನವರು ಎಂಬ ಹೆಸರು ಬಂದರೆ ಶಿಡ್ಲಘಟ್ಟದ ಸುತ್ತ ಒಂದು ಎಲೆಯನ್ನೂ ಯಾರೂ ಕೊಳ್ಳುವುದಿಲ್ಲ.

ಅವಳು ಕೈ ಕೊಡವಿಕೊಂಡು ಬಂದು ಕೇಳಿದಳು. "ಅಕ್ಕ, ಬೇರೆಯೋರ ತೋಟದ ಸೊಪ್ಪು ಏನಾದ್ರೂ ಬೆರೆಸಿದ್ರಾ?"

"ಇಲ್ಲಮ್ಮ. ಒಂದೊಂದು ಎಲೇನೂ ನಮ್ಮ ತೋಟದ್ದೇ. ನಾವು ಔಷಧಿ ಹೊಡೆಯಲ್ಲ, ನಿನಗೇ ಗೊತ್ತು" ಎಂದೆ.

ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಗಾಡಿಯ ಬಗ್ಗೆ ಅವಳು ಕೇಳಲಿಲ್ಲ.

ಅವಳು ನಂಬಿದಳು. ನಂಬಿ, ಗುಂಡಿಯ ಹತ್ತಿರ ನಿಂತಿದ್ದ ಗಂಡನ ಕಡೆ ತಿರುಗಿದಳು. "ಬೀಡಿ ಸೇದಿ ಹುಳುಮನೆ ಒಳಗೆ ಬರ್ಬೇಡ ಅಂತ ಎಷ್ಟು ಸಲ ಬಡ್ಕೊಂಡೆ. ತಿಂದ್ಬಿಟ್ಟೆಯಲ್ಲ ನನ್ನ ಬೆಳೇನ."

"ನಾನು ಬಾಗ್ಲಲ್ಲೇ ನಿಂತಿದ್ದೆ ಕಣೇ" ಎಂದ ಆತ.

"ಬಾಗ್ಲಲ್ಲಿ ನಿಂತ್ರೆ ಗಾಳಿ ಒಳಗೆ ಬರಲ್ವಾ?"

ಆತ ಸನಿಕೆ ಎತ್ತಿಕೊಂಡು ಮಣ್ಣು ಮುಚ್ಚತೊಡಗಿದ. ಸೊಸೆ ನನ್ನ ಮುಖ ನೋಡದೆ ಹೋಗಿ ಗಾಡಿಯಲ್ಲಿ ಕೂತಳು.

ಹಲಗೆಗಳನ್ನು ಕಿತ್ತು ಸುಟ್ಟು ಹೊಸ ತಗಡು ಹಾಕಿಸಿದೆವು. ನಾಲ್ಕು ಮನೆಗೂ ಈಗಲೂ ನಮ್ಮದೇ ಸೊಪ್ಪು. ಅವಳೂ ಮತ್ತೆ ಹುಳು ಸಾಕುತ್ತಿದ್ದಾಳೆ. ಹುಳು ಇರುವಷ್ಟು ದಿನ ಗಂಡನಿಗೆ ಊಟವೂ ನಿದ್ದೆಯೂ ಹೊರಗಿನ ಜಗಲಿಯ ಮೇಲೆ. ನಮ್ಮ ಗಾಡಿ ಬಂದು ನಿಂತರೆ ಆತ ಎದ್ದು, ಚಾಪೆ ಸುತ್ತಿಕೊಂಡು, ಸೊಪ್ಪಿನ ಹೊರೆಗೆ ದಾರಿ ಬಿಡುತ್ತಾನೆ.