ಚಾಕಲೇಟಿಗೊಂದು ಏಸಿ

ಉರಿಬೇಸಗೆಯಲ್ಲಿ ನರಿಮೊಗರಿನ ಒಂದು ಮನೆಗೆ ಏಸಿ ಸರ್ವಿಸಿಗೆ ಹೋಗಿದ್ದೆ. ಮನೆಯವರೆಲ್ಲ ಜಗಲಿಯಲ್ಲಿ ಕೂತು ಹಳೆ ಪೇಪರಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಏಸಿ ಕೋಣೆಯಲ್ಲಿ ಮಂಚವೇ ಇಲ್ಲ, ತಟ್ಟೆ ತಟ್ಟೆ ಚಾಕಲೇಟು! ತೋಟದ ಕೊಕ್ಕೊದಿಂದ ಆ ಮನೆಯ ಶಾರದಕ್ಕ ತಾವೇ ಮಾಡಿದ್ದು. ಮರುದಿನ ಒಂದು ಮದುವೆಗೆ ಕೊಡಬೇಕಿತ್ತು.

"ಆಫ್ ಮಾಡದೆ ತೊಳೆಯಲಿಕ್ಕೆ ಆಗುದಿಲ್ವಾ?" ಎಂದು ಅಕ್ಕ ಕೇಳಿದರು.

"ಆಗುದಿಲ್ಲ ಅಕ್ಕ, ಶಾಕ್ ಹೊಡೀತದೆ."

ನಾನು ಫಿಲ್ಟರ್ ಬಿಚ್ಚುವಷ್ಟರಲ್ಲೇ ಚಾಕಲೇಟು ಬೆವರತೊಡಗಿತು, ಅಕ್ಕನೂ ಬೆವರಿದರು. ಫ್ರಿಜ್ಜಿನಲ್ಲಿಡಿ ಎಂದೆ.

"ಮೀನಿನ ವಾಸನೆ ಹಿಡೀತದೆ ಮಾರಾಯ್ರೆ! ಪಕ್ಕದ ಮನೆಯಲ್ಲಿ ಏಸಿ ಉಂಟು, ಹಿಡಿಯಿರಿ ತಟ್ಟೆ."

ಅಲ್ಲಿ ಊಟ ಮುಗಿಸಿ ಮಲಗಿದ್ದ ರಾಮಣ್ಣ ಮಾವ ಗಾಬರಿಯಿಂದ ಕಣ್ಣುಬಿಟ್ಟರು. "ಎಂತ ಇದು?"

"ಸ್ವಲ್ಪ ಆಚೆ ಸರಿಯಿರಿ ಮಾವ," ಎನ್ನುತ್ತಾ ಅಕ್ಕ ತಟ್ಟೆಗಳನ್ನು ಅವರ ಹಾಸಿಗೆಯ ಮೇಲೆಯೇ ಸಾಲಾಗಿ ಇಟ್ಟರು. ಮಾವ ಗೋಡೆಗೆ ಒತ್ತಿಕೊಂಡು ಮಲಗಿದರು.

ಕೆಲಸ ಮುಗಿಸಿ ಹೋಗಿ ನೋಡಿದರೆ ಒಂದು ಚಾಕಲೇಟೂ ಕರಗಿರಲಿಲ್ಲ. ಒಂದು ತಟ್ಟೆಯ ಮೂಲೆ ಮಾತ್ರ ಖಾಲಿಯಾಗಿತ್ತು. ಮಾವ ಗಾಢ ನಿದ್ದೆಯಲ್ಲಿದ್ದರು, ಬಿಳಿ ಮೀಸೆಯ ತುದಿ ಕಂದು ಬಣ್ಣವಾಗಿತ್ತು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಈಗ ಆ ಮನೆಯ ಸರ್ವಿಸ್ ನೆನಪಿಸಿ ಫೋನ್ ಮಾಡುವುದು ಮಾವನೇ. "ಶಾರದನ ಏಸಿ ತೊಳೆಯದೆ ತುಂಬಾ ದಿನ ಆಯ್ತಲ್ಲ ಮಾರಾಯ?" ಸ್ವಂತ ಏಸಿಯ ಬಗ್ಗೆ ಮಾತ್ರ ಅವರು ಈವರೆಗೆ ಒಂದು ಮಾತೂ ಆಡಿಲ್ಲ.