ತಳಿಗೆಂದು ಇಟ್ಟ ಮೊಲ

ತೊಂಬತ್ತರ ದಶಕದ ಕೊನೆಯಲ್ಲಿ ಕಾತ್ರಜದ ನಮ್ಮ ತಗಡಿನ ಮನೆಯ ಹಿಂದೆ ನಾನು ಮೊಲ ಸಾಕುತ್ತಿದ್ದೆ. ಮಾಂಸ ಮನೆಗಾಗುತ್ತಿತ್ತು, ತುಪ್ಪಳದ ಚರ್ಮ ಹದ ಮಾಡಿ ಮಕ್ಕಳಿಗೆ ಟೋಪಿ ಹೊಲಿಯುತ್ತಿದ್ದೆ. ಪ್ರತಿ ಸೂಲಿನಲ್ಲೂ ಅಗಲ ಬೆನ್ನಿನ, ದಟ್ಟ ಕೂದಲಿನ ಒಂದು ಮರಿಯನ್ನು ಆರಿಸಿ, ಕಿವಿಗೆ ಮದರಂಗಿ ಹಚ್ಚಿ, ತಳಿಗೆಂದು ಬೇರೆ ಗೂಡಿನಲ್ಲಿಡುತ್ತಿದ್ದೆ.

ಕಟ್ಟಡದ ಗೌಂಡಿ ಕೆಲಸದ ನನ್ನ ಗಂಡ, ಭಾನುವಾರ ತಮ್ಮ ಮೇಸ್ತ್ರಿ ಊಟಕ್ಕೆ ಬಂದರೆ, ಸರಿಯಾಗಿ ಅದನ್ನೇ ಕೊಯ್ಯುತ್ತಿದ್ದರು.

"ಮದರಂಗಿ ಹಚ್ಚಿದ್ದು ಬಿಟ್ಟು ಬ್ಯಾರೆ ತಗೋರಿ" ಎಂದರೆ, "ಮನಿಗೆ ಬಂದವ್ರಿಗೆ ಸಣ್ಣದು ಹಾಕ್ಲೇನು?" ಎನ್ನುತ್ತಿದ್ದರು. ಗೂಡಿಗೆ ಬೀಗ ಹಾಕಿದೆ. ಬಾಗಿಲಿನ ಬಿಜಾಗರಿಯನ್ನೇ ಬಿಚ್ಚಿ ತೆಗೆದರು.

ಉಳಿದ ಸಣ್ಣವೇ ಮರಿ ಹಾಕುತ್ತಾ ಹೋದವು. ಮೂರನೆಯ ವರ್ಷಕ್ಕೆ ಎರಡು ಮೊಲ ಕೊಯ್ದರೂ ಪಾತ್ರೆ ತುಂಬುತ್ತಿರಲಿಲ್ಲ. ಚರ್ಮದಲ್ಲಿ ಒಂದು ಟೋಪಿಯೂ ಆಗುತ್ತಿರಲಿಲ್ಲ. ಒಂದು ದಿನ ಊಟದ ನಡುವೆ ಗಂಡ ಮೇಸ್ತ್ರಿಗೆ, "ಇಕಿ ತಂದ ಜಾತೀನ ಸುಮಾರ್ ಅದರಿ" ಎಂದರು.

ಮೈ ಉರಿದುಹೋಯಿತು. ಸೌಟು ಕೆಳಗಿಟ್ಟು, "ಜಾತಿ ಛಲೋನ ಇತ್ರಿ. ಛಲೋವು ಎಲ್ಲಾ ನಿಮ್ಮಿಬ್ಬರ ಹೊಟ್ಯಾಗ ಹೋದ್ವು" ಎಂದೆ.

ಮೇಸ್ತ್ರಿ ತಲೆ ತಗ್ಗಿಸಿದರು. ನನ್ನ ಗಂಡ ಇನ್ನೊಂದು ರೊಟ್ಟಿ ಕೇಳಿದರು.

ಆ ವಾರವೇ ಉಳಿದ ಮೊಲಗಳನ್ನೆಲ್ಲ ಪಕ್ಕದ ಓಣಿಯವರಿಗೆ ಕೊಟ್ಟುಬಿಟ್ಟೆ.