ಲಾಟ್ವಿಯಾದ ಆಟಗಾರನಿಗೊಂದು ಉದ್ದದ ಹಾಸಿಗೆ

ಗಿರಾಕಿಯ ಮುಖ ನೋಡಬಾರದು, ಕಾಲು ನೋಡಬೇಕು. ಜಿದ್ದಾದ ಶರಫಿಯಾದಲ್ಲಿ ಹಾಸಿಗೆ ಅಂಗಡಿ ಇಟ್ಟ ಮೇಲೆ ನಾನು ಕಲಿತ ಮೊದಲ ಪಾಠ ಇದು. ಮುಖ ಸುಳ್ಳು ಹೇಳುತ್ತದೆ. ಕಾಲು ಬಾಗಿಲ ಕಡೆ ತಿರುಗಿದ್ದರೆ ಬೆಲೆ ಇಳಿಸಿ, ಒಳಗಡೆ ತಿರುಗಿದ್ದರೆ ಬಾಯಿ ಮುಚ್ಚಿಕೊಂಡಿರಿ. ವ್ಯಾಪಾರಕ್ಕೆ ಇಳಿಯುವವರು ಯಾರೇ ಸಿಕ್ಕರೂ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಆ ಲಾಟ್ವಿಯಾದವನ ಕಾಲನ್ನೂ ನೋಡಿದೆ. ಒಂದೊಂದು ಶೂ ಒಂದೊಂದು ದೋಣಿಯಷ್ಟಿತ್ತು. ಆದರೆ ಅದು ಬಾಗಿಲ ಕಡೆಗೂ ಇಲ್ಲ, ಒಳಗಡೆಗೂ ಇಲ್ಲ. ಹೊಸ್ತಿಲು ದಾಟಲು ತಲೆ ತಗ್ಗಿಸಿದವನು ಅಲ್ಲೇ ಹಲ್ಲು ಕಚ್ಚಿ ನಿಂತಿದ್ದ.

ಅವನನ್ನು ಕರೆತಂದವರು ಉಡುಪಿ ಕಡೆಯ ಫಿಸಿಯೋಥೆರಪಿಸ್ಟ್. ಊರಿನ ಕೊಂಕಣಿ ಕ್ರಿಶ್ಚಿಯನ್ನರು, ಇಲ್ಲಿನ ಒಂದು ಬಾಸ್ಕೆಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಮೈಕೈ ನೋಡಿಕೊಳ್ಳುವ ಕೆಲಸ. ನಾನು ಅವರನ್ನು ಡಾಕ್ಟರೇ ಎಂದು ಕರೆಯುತ್ತಿದ್ದೆ. ಅವರು ಬೇಡ ಎನ್ನುತ್ತಿರಲಿಲ್ಲ.

"ಹಾಜಿಯವರೇ, ಇವ ನಮ್ಮ ಹೊರದೇಶದ ಪ್ಲೇಯರ್. ಬೆನ್ನು ಹೋಗಿದೆ. ಕ್ಲಬ್ಬಿನವರು ಕೊಟ್ಟ ಮಂಚದಲ್ಲಿ ಮೊಣಕಾಲಿಂದ ಕೆಳಗೆ ಎಲ್ಲ ಹೊರಗೆ."

"ಹೊಸ ಮಂಚ ಅವರೇ ಕೊಡ್ಲಿ."

"ಎಂತ ಮಂಚ ಮಾರಾಯ್ರೆ, ಅವರು ಹೊಸ ಪ್ಲೇಯರನ್ನೇ ಹುಡುಕ್ತಾ ಇದ್ದಾರೆ. ಬೆನ್ನು ಬೇಗ ಸರಿಯಾಗದಿದ್ರೆ ಇವನ ಕೈಗೆ ಟಿಕೆಟ್."

ಅವನ ವಯಸ್ಸಿಗೆ ಇನ್ನೊಂದು ಕ್ಲಬ್ ಕರೆಯುವುದಿಲ್ಲ ಎಂದೂ ಡಾಕ್ಟರು ಮೆಲ್ಲಗೆ ಹೇಳಿದರು. ಇದು ಅವನ ಕೊನೆಯ ಸೀಸನ್. ಅದನ್ನು ಪೂರ್ತಿ ಆಡಿ, ತಾನೇ ಸಾಕು ಎಂದು ಹೇಳಿ ಊರಿಗೆ ಹೋಗಬೇಕೆಂಬುದು ಅವನ ಹಟ. ಅದು ನನಗೆ ತಕ್ಷಣ ಅರ್ಥವಾಯಿತು. ಪೆಟ್ಟಿಗೆ ಕಟ್ಟಿ, ಎಲ್ಲರಿಗೂ ಸಲಾಂ ಹೇಳಿ ತಾನಾಗಿ ಊರಿಗೆ ಹೋಗುವವನಿಗೂ, ವೀಸಾ ಕೊಟ್ಟ ಕಫೀಲ್ ಇದ್ದಕ್ಕಿದ್ದಂತೆ ಪಾಸ್‌ಪೋರ್ಟಿಗೆ ಎಕ್ಸಿಟ್ ಹೊಡೆದು ಕಳಿಸಿದವನಿಗೂ ಎಷ್ಟು ವ್ಯತ್ಯಾಸವೆಂದು ಗಲ್ಫಿನಲ್ಲಿ ದುಡಿದ ಯಾರನ್ನು ಬೇಕಾದರೂ ಕೇಳಿ.

ಅರ್ಥವಾಯಿತೆಂದು ವ್ಯಾಪಾರ ಬಿಡಲಾಗುತ್ತದೆಯೇ? ಗಟ್ಟಿ ಸ್ಪಂಜಿನ ದೊಡ್ಡ ಹಾಸಿಗೆಯೊಂದನ್ನು ತೋರಿಸಿ, ಮುರುಕು ಇಂಗ್ಲಿಷಿನಲ್ಲಿ ಬೆಲೆ ಹೇಳಿದೆ. ಚೌಕಾಸಿಗೆ ಜಾಗ ಇಟ್ಟೇ ಹೇಳಿದ್ದೆ. ಅವನು ನನ್ನನ್ನೇ ನೋಡಿದ. ಏನೂ ಹೇಳಲಿಲ್ಲ.

ಸ್ವಲ್ಪ ಇಳಿಸಿದೆ. ಅವನು ಹಾಸಿಗೆ ನೋಡಿದ. ಮನೆವರೆಗೆ ಸಾಗಾಟ ನನ್ನದೇ ಎಂದೆ. ಅವನು ಗೋಡೆ ನೋಡಿದ. ಬೆವರಿದ ನಾನು ಇನ್ನಷ್ಟು ಇಳಿಸಿ, ಎರಡು ದಿಂಬು ಪುಕ್ಕಟೆ ಎಂದೆ. ಕಾಲಿನ ಕಡೆ ಹಾಸಿಗೆಯ ಎತ್ತರಕ್ಕೇ ಒಂದು ಬೆಂಚು ಮಾಡಿಸಿ, ಮೇಲೆ ಸ್ಪಂಜು ಹಾಕಿ ಕೊಡುತ್ತೇನೆ ಎಂಬಲ್ಲಿಗೂ ಬಂದೆ. ಯೆಮೆನಿಗಳ ಜೊತೆ, ಪಠಾಣರ ಜೊತೆ ಬೆಳಗಿನಿಂದ ಸಂಜೆವರೆಗೆ ಚೌಕಾಸಿ ಮಾಡಿದವನು ನಾನು. ಇಂಥ ಕಲ್ಲುಗುಂಡು ಗಿರಾಕಿಯನ್ನು ಕಂಡಿರಲಿಲ್ಲ.

ಅಷ್ಟರಲ್ಲಿ ಸಂಜೆಯ ಮಗ್ರಿಬ್ ಬಾಂಗ್ ಆಯಿತು. ಆಗೆಲ್ಲ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಲೇಬೇಕಿತ್ತು. ಅವರಿಬ್ಬರನ್ನೂ ಒಳಗೆ ಬಿಟ್ಟು, ಶಟರ್ ಎಳೆದು ಮೂಲೆಯ ಮಸೀದಿಗೆ ಹೋದೆ. ಕಾದು ಕಾದು ಗಿರಾಕಿ ಮೆತ್ತಗಾಗುತ್ತಾನೆ ಎಂಬುದು ನನ್ನ ಲೆಕ್ಕಾಚಾರ. ಎಷ್ಟೋ ಸಲ ಫಲಿಸಿತ್ತು.

ಬಂದು ಶಟರ್ ಎತ್ತಿದರೆ ಡಾಕ್ಟರು ತುಟಿಯ ಮೇಲೆ ಬೆರಳಿಟ್ಟರು. ಅವನು ಶೂ ಬಿಚ್ಚಿ, ಹಾಸಿಗೆಯ ತುದಿಗೆ ಇನ್ನೊಂದು ಹಾಸಿಗೆ ಜೋಡಿಸಿ, ಉದ್ದಕ್ಕೆ ಚಾಚಿ ಮಲಗಿದ್ದ. ಗೊರಕೆ.

"ಎಬ್ಬಿಸಬೇಡಿ ಹಾಜಿಯವರೇ, ನೆಟ್ಟಗೆ ನಿದ್ದೆ ಮಾಡದೆ ಎಷ್ಟೋ ದಿನ ಆಯ್ತು."

"ಹೊರಗೆ ಗಿರಾಕಿಗಳು ನಿಂತಿದ್ದಾರೆ ಡಾಕ್ಟರೇ!"

"ತೋರ್ಸಿ ಅವರಿಗೆ. ಇದಕ್ಕಿಂತ ದೊಡ್ಡ ಜಾಹೀರಾತು ಬೇಕಾ ನಿಮಗೆ?"

ತೋರಿಸಿದೆ. ಅದೇ ಜಾತಿಯ ಒಂದು ಹಾಸಿಗೆ ಅವನು ಮಲಗಿರುವಾಗಲೇ ಮಾರಾಟವಾಯಿತು.

ಎದ್ದವನು ಕಣ್ಣುಜ್ಜಿಕೊಂಡು, "ಇದೇ ಬೇಕು" ಎಂದು ನಾನು ಮೊದಲು ಹೇಳಿದ ಬೆಲೆಯನ್ನೇ ಎಣಿಸಿ ಕೊಡಲು ಹೊರಟ. ನನಗೆ ತಲೆ ಬುಡ ತಿಳಿಯಲಿಲ್ಲ.

"ಮತ್ತೆ ಆಗ ಯಾಕೆ ಸುಮ್ಮನಿದ್ದೆ?"

"ನೀನು ಮಾತಾಡ್ತಾ ಇದ್ದೆ. ಮುಗೀಲಿ ಅಂತ ಕಾದೆ."

ಡಾಕ್ಟರು ನಕ್ಕು ನಕ್ಕು ದಿಂಬಿನ ರಾಶಿಯ ಮೇಲೆ ಬಿದ್ದರು. ನಾನು ಕೊನೆಯ ಬೆಲೆಯನ್ನೇ ತೆಗೆದುಕೊಂಡೆ. ಬಾಯಿಂದ ಬಂದ ಮಾತು ಬಂದ ಹಾಗೆ. ದಿಂಬು ಮಾತ್ರ ಒಂದೇ ಕೊಟ್ಟೆ. ಎರಡು ತಲೆ ಇರಲಿಲ್ಲವಲ್ಲ ಅವನಿಗೆ.

ಬೆಂಚನ್ನು ಹಿಂದಿನ ಓಣಿಯ ಬಡಗಿಯಿಂದ ಮಾಡಿಸಿ ಕೊಟ್ಟೆ. ಬೆನ್ನು ಮೆಲ್ಲಮೆಲ್ಲಗೆ ಹಿಡಿತಕ್ಕೆ ಬಂತು. ಅರ್ಧ ನನ್ನ ಹಾಸಿಗೆ, ಅರ್ಧ ಡಾಕ್ಟರ ಕೈ. ಡಾಕ್ಟರು ಈ ಪಾಲನ್ನು ಒಪ್ಪುವುದಿಲ್ಲ. ಶುಕ್ರವಾರ ಸಂಜೆ ಓಣಿಯಲ್ಲಿ ಕಾಲಿಡಲು ಜಾಗವಿಲ್ಲದಿದ್ದರೂ ಅವನು ಜನರ ತಲೆಗಳ ಮೇಲಿಂದ ಕಾಣಿಸಿಕೊಂಡು ಚಹಾಕ್ಕೆ ಬರುತ್ತಿದ್ದ. ನನ್ನನ್ನು ಸದೀಕ್ ಎನ್ನುತ್ತಿದ್ದ, ಅಂದರೆ ದೋಸ್ತ. ಅವನಿಗೆ ಬರುತ್ತಿದ್ದ ಅರಬಿ ಅಷ್ಟೇ.

ಗುಟುಕಿಗೊಂದು ಮಾತಿನಂತೆ ಅವನ ಕಥೆ ಹೊರಬಂತು. ಸಣ್ಣ ಊರು. ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲು. ಆಗ ಊರಿನಲ್ಲಿ ಬೆಚ್ಚಗಿರುತ್ತಿದ್ದ ಜಾಗವೆಂದರೆ ಶಾಲೆಯ ಆಟದ ಹಾಲ್ ಒಂದೇ. ಚಳಿಗೆ ಹೆದರಿ ಅಲ್ಲಿಗೆ ಹೋಗಿ ಆಟಗಾರನಾದನಂತೆ. ಆಮೇಲೆ ರೀಗಾ, ಪೋಲೆಂಡ್, ಜರ್ಮನಿ, ಟರ್ಕಿ. ಎಲ್ಲ ಕಡೆಯೂ ಒಂದು ವರ್ಷದ ಕರಾರು, ಎಲ್ಲ ಕಡೆಯೂ ಬೇರೆ ಯಾರದೋ ಅಳತೆಯ ಮಂಚ. ಎರಡು ದೇಶಗಳಿಂದ ಸೀಸನ್ನಿನ ನಡುವೆಯೇ ಅವನನ್ನು ಕಳಿಸಿಬಿಟ್ಟಿದ್ದರು.

"ನಿನ್ನದೂ ನನ್ನದೂ ಒಂದೇ ಕಸುಬು" ಎಂದೆ. "ಇಲ್ಲಿರಲು ಕೊಡುವ ನನ್ನ ಇಕಾಮಾ ಕೂಡ ವರ್ಷಕ್ಕೊಮ್ಮೆ ಹೊಸದು."

"ಆದ್ರೆ ನೀನು ಓಡುವುದು ಬೇಡ."

"ಓಡದೆಯಾ? ಬಲದಿಯಾದವರು ಬಂದಾಗ ನೋಡು, ಫುಟ್‌ಪಾತಿನ ಹಾಸಿಗೆ ಹೊತ್ತುಕೊಂಡು ಹೇಗೆ ಓಡ್ತೇನೆ ಅಂತ!" ನಗರಸಭೆಯವರಿಗೆ ಇಲ್ಲಿ ಬಲದಿಯಾ ಎನ್ನುತ್ತಾರೆ. ಅವನು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು.

ಒಂದು ಶುಕ್ರವಾರ ಚಹಾ ಮುಟ್ಟದೆ ಕುಳಿತ. ಮರುದಿನ ಬಂದು ಕಾಣು ಎಂದು ಕ್ಲಬ್ಬಿನ ಮ್ಯಾನೇಜರ್ ಹೇಳಿದ್ದರು. ಹೊಸ ಆಟಗಾರ ಸಿಕ್ಕಿದ್ದಾನೆಂದು ಸುದ್ದಿ. ಬೆನ್ನು ಸರಿಯಾಗಿದೆ, ಆಡುತ್ತೇನೆ, ಕೊನೆಯವರೆಗೆ ಇರಲು ಬಿಡಿ ಎಂದು ಹೇಳಬೇಕಾದ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ.

"ಒಂದೂ ಹೇಳಬೇಡ" ಎಂದೆ. "ಆವತ್ತು ನನ್ನ ಮುಂದೆ ಹೇಗೆ ಸುಮ್ಮನಿದ್ದೆಯೋ ಹಾಗೆ ಕೂತುಕೋ. ಗಹ್ವಾ ಕಾಫಿ ಕೊಟ್ರೆ ಕುಡಿ. ಮೊದಲು ಬಾಯಿ ಬಿಟ್ಟವ ಇಳಿಸ್ತಾನೆ."

"ಅದು ಅಂಗಡಿ, ಸದೀಕ್."

"ಎಲ್ಲ ಅಂಗಡಿಯೇ!"

ಮರುದಿನ ನಡೆದದ್ದನ್ನು ಜೊತೆಗೆ ಹೋಗಿದ್ದ ಡಾಕ್ಟರು ಬಂದು ಹೇಳಿದರು. ಮ್ಯಾನೇಜರ್ ಮೊದಲು ಒಳ್ಳೆಯ ವಿಮಾನದ ಟಿಕೆಟ್ ಎಂದರು. ಇವನು ಗಹ್ವಾ ಕುಡಿದ. ತಿಂಗಳ ಕೊನೆವರೆಗೆ ಇರು ಎಂದರು. ಇವನು ಖರ್ಜೂರ ತಿಂದು ಬೀಜವನ್ನು ತಟ್ಟೆಯಲ್ಲಿಟ್ಟ. ಆಗ ಅವರು ಬೆನ್ನಿನ ಬಗ್ಗೆ ಡಾಕ್ಟರನ್ನು ಕೇಳಿದರು. ಆಡಬಲ್ಲ ಎಂದರು ಡಾಕ್ಟರು. ಅಸರ್ ಬಾಂಗ್ ಆಗಿ ಮ್ಯಾನೇಜರ್ ನಮಾಜಿಗೆ ಎದ್ದರು, ಮರಳಿ ಬಂದರು. ಇವನು ಅಲ್ಲೇ, ಹಾಗೆಯೇ. "ಸರಿ ಮಾರಾಯ, ಸೀಸನ್ ಮುಗಿಯುವವರೆಗೆ ಇರು. ಆದರೆ ಕರೆದಾಗ ಮಾತ್ರ ಬೆಂಚಿನಿಂದ ಎದ್ದು ಆಡಬೇಕು" ಎಂದು ಅವರೇ ಮಾತು ಮುಗಿಸಿದರು.

"ನೋಡಿ ಡಾಕ್ಟರೇ, ನನ್ನ ಉಪದೇಶ!"

"ಎಂತದು ಇಲ್ಲ. ಬಾಯಿಪಾಠ ಹೇಳಬೇಕೂಂತ್ಲೇ ಕೂತಿದ್ದ. ಅವರು ಮಾತಾಡ್ಲಿಕ್ಕೆ ಬಿಡಲೇ ಇಲ್ಲ ಅಂತಾನೆ."

ಕೊನೆಯ ಪಂದ್ಯಕ್ಕೆ ನಾನೂ ಹೋಗಿದ್ದೆ. ಆಟದ ನಿಯಮ ನನಗೆ ಇಂದಿಗೂ ಗೊತ್ತಿಲ್ಲ. ಕೊನೆಗೆ ಅವನನ್ನು ಕರೆದರು. ಅವನು ಎರಡೂ ಕೈ ಎತ್ತಿ ಚೆಂಡು ಬಿಟ್ಟ. ಅದು ಬುಟ್ಟಿಯ ಅಂಚನ್ನೂ ಮುಟ್ಟದೆ ಒಳಗೆ ಇಳಿಯಿತು. ಸೀಟಿ ಊದಿದ ಮೇಲೆ ಎಲ್ಲರ ಕೈ ಕುಲುಕಿ, ಬೆನ್ನು ನೆಟ್ಟಗಿಟ್ಟುಕೊಂಡು ಹೊರಗೆ ನಡೆದ. ಅವನನ್ನು ಯಾರೂ ಕಳಿಸಲಿಲ್ಲ.

ಹೊರಡುವ ದಿನ ಡಾಕ್ಟರ ಜೊತೆ ಪಿಕಪ್ಪಿನಲ್ಲಿ ಹಾಸಿಗೆ, ಬೆಂಚು ಹೇರಿಕೊಂಡು ಅಂಗಡಿಗೆ ಬಂದ. ವಾಪಸ್ ತೆಗೆದುಕೊಳ್ಳುತ್ತೀಯಾ ಎಂದು ಕೇಳಿ ಸುಮ್ಮನಾದ. ಈ ಸಲ ನಾನು ಪಾಠ ಕಲಿತಿದ್ದೆ, ನಾನೂ ಸುಮ್ಮನಾದೆ. ಅವನು ಹಾಸಿಗೆ ನೋಡಿದ. ನಾನು ಗೋಡೆ ನೋಡಿದೆ. ಚಹಾ ಬಂತು, ಕುಡಿದೆವು. ಲೋಟ ಖಾಲಿಯಾಯಿತು.

"ಇಬ್ಬರಲ್ಲಿ ಒಬ್ಬರಾದ್ರೂ ಬಾಯಿ ಬಿಡಿ ಮಾರಾಯ್ರೆ, ಇವನ ವಿಮಾನ ಹೋಗ್ತದೆ!" ಎಂದು ಡಾಕ್ಟರು ಕೂಗಿದರು.

ನಾನೇ ಬಾಯಿ ಬಿಟ್ಟೆ. ಕೊಟ್ಟ ಬೆಲೆಗೇ ವಾಪಸ್ ತೆಗೆದುಕೊಂಡೆ. ಅಷ್ಟು ಸಾಲದೆಂದು, ಆವತ್ತು ತಡೆಹಿಡಿದಿದ್ದ ಆ ಎರಡನೆಯ ದಿಂಬನ್ನೂ ಅವನ ಕಂಕುಳಿಗೆ ತುರುಕಿದೆ.